ನಾನೂರು ಬಾಟಲಿ

ನಿವೃತ್ತರಾದ ಮಾರನೆಯ ದಿನವೇ ಸರ್ವಮಂಗಳಮ್ಮನ ಯಜಮಾನರಿಗೆ ಹೆಂಡತಿಯ ಉಪ್ಪಿನಕಾಯಿ ವ್ಯಾಪಾರದಲ್ಲಿ ದೇಶದ ಭವಿಷ್ಯ ಕಾಣಿಸಿತು.

“ಇಪ್ಪತ್ತು ವರ್ಷದಿಂದ ಅದೇ ನಲವತ್ತು ಬಾಟಲಿ. ನಾಚಿಕೆ ಆಗಲ್ವೇನೇ? ಈ ಸಲ ನಾನೂರು.”

“ನನ್ನ ಕೈಲಿ ಆಗೋದು ಅಷ್ಟೇ ರೀ. ನಲವತ್ತಕ್ಕೆ ನಿಲ್ಲಿಸಿದ್ರೆ ಮುಂದಿನ ವರ್ಷಾನೂ ಹಾಕೋಕೆ ಶಕ್ತಿ ಉಳಿಯುತ್ತೆ.”

“ನಿನಗೆ ದೂರದೃಷ್ಟಿ ಇಲ್ಲ.”

ಪಾಪ, ಇರಲಿಲ್ಲ. ದೂರದೃಷ್ಟಿಯುಳ್ಳವರು ಆರಾಮ ಕುರ್ಚಿಯಲ್ಲಿ ಕೂತೇ ನೆಂಟರಿಷ್ಟರಿಂದೆಲ್ಲ ಫೋನಿನಲ್ಲಿ ಆರ್ಡರ್ ಹಿಡಿದರು. ಲೇಬಲ್ ಮೇಲೆ ತಮ್ಮ ಫೋಟೋ ಹಾಕಿಸಿದರು. ಬುಧವಾರ ಬೆಳಗ್ಗೆ ನಾಲ್ಕು ಮೂಟೆ ಮಾವಿನಕಾಯಿ ಹಜಾರಕ್ಕೆ ಬಂದು ಬಿದ್ದವು.

ಸರ್ವಮಂಗಳಮ್ಮ ಈಳಿಗೆಮಣೆ ತಂದು ಗಂಡನ ಮುಂದಿಟ್ಟರು.

“ಮಸಾಲೆ ನಾನು ಹುರೀತೀನಿ, ನೀವು ಹೆಚ್ಚಿ. ಓಟೆ ಗಟ್ಟಿ ಇರುತ್ತೆ, ಬೆರಳು ಜೋಪಾನ.”

ಮೊದಲನೆಯ ಮೂಟೆ ಅರ್ಧ ಇಳಿಯುವಷ್ಟರಲ್ಲಿ ಫೋನ್ ಬಂತು. ಯಜಮಾನರು ಗೋಡೆ ಹಿಡಿದು ಎದ್ದು, ಸೊಂಟ ನೀವಿಕೊಳ್ಳುತ್ತ ಹೇಳಿದರು:

“ಇಲ್ಲ ತಾಯಿ, ನಮ್ಮಲ್ಲಿ ವರ್ಷಕ್ಕೆ ನಲವತ್ತೇ ಬಾಟಲಿ. ಅದಕ್ಕಿಂತ ಜಾಸ್ತಿ ಬೇಡ ಅಂತ ಬಡ್ಕೊಂಡೆ, ನನ್ನ ಹೆಂಡ್ತಿ ಕೇಳ್ಬೇಕಲ್ಲ.”