ಭೀಮ್ಯಾನ ಹಸಿ ಊಟ

ಜುಲೇಖಾಬಿಯ ಮನೆಯ ಕಿಟಕಿಯ ಪರದೆ ಸರಿಸಿದ ನಂದಾ ಥಟ್ಟನೆ ಹಿಂದೆ ಸರಿದಳು. ಓಣಿಯ ತುದಿಯಲ್ಲಿ ಅತ್ತೆ ಗುರವ್ವ ಬರುತ್ತಿದ್ದರು. ತಲೆಯ ಮೇಲೆ ಸೆರಗು, ಸೆರಗಿನೊಳಗೆ ಕೈ, ಗಳಿಗೆಗೊಮ್ಮೆ ಹಿಂದಿರುಗಿ ನೋಡುವ ಕಣ್ಣು. ನೇರ ಇದೇ ಮನೆಗೆ.

“ಸಿಕ್ಕೊಂಡೆ ನೋಡ್ರಿ,” ಎಂದಳು ನಂದಾ.

“ಒಳಗ ನಡಿಯವ್ವಾ,” ಜುಲೇಖಾಬಿ ಅವಳನ್ನು ಕಟ್ಟಿಗೆ ಕೋಣೆಗೆ ನೂಕಿದರು. ಅವರಿಗೇಕೋ ನಗು ತಡೆಯಲಾಗುತ್ತಿರಲಿಲ್ಲ.

ನಂದಾ ಇಲ್ಲಿಗೆ ಹೊಲಿಗೆ ಕಲಿಯಲು ಬರುತ್ತಾಳೆಂದೇ ಮನೆಯವರೆಲ್ಲ ನಂಬಿದ್ದರು. ಹೊಲಿಗೆಯ ಚೀಲದ ತಳದಲ್ಲಿ ಹೋಗುತ್ತಿದ್ದದ್ದು ಮಾತ್ರ ಕೋಳಿಯ ಕಲೇಜಿ, ಹಸಿ ಯಕೃತ್ತಿನ ತುಂಡುಗಳು. ಜುಲೇಖಾಬಿಯ ಮಗ ಮುಜಫರನ ಕೋಳಿ ಅಂಗಡಿ ಇದ್ದದ್ದು ಇದೇ ಮನೆಯ ಮುಂಭಾಗದಲ್ಲಿ.

ಎಲ್ಲವೂ ಭೀಮ್ಯಾನಿಗಾಗಿ. ಮದುವೆಯಾಗಿ ಬಂದ ಹೊಸದರಲ್ಲಿ ಅವಳೊಡನೆ ಮೊದಲು ಗೆಳೆತನ ಮಾಡಿದ್ದು ಆ ನಾಯಿ. ದಿನಾ ರೊಟ್ಟಿ, ಮಜ್ಜಿಗೆ ಉಂಡು ಅದರ ಕೂದಲು ಉದುರಿತ್ತು, ಪಕ್ಕೆಲುಬು ಎದ್ದಿತ್ತು. ನಾಯಿಗೆ ಹಸಿ ಮಾಂಸವೇ ಸಹಜ ಊಟ ಎಂದು ಮೊಬೈಲಿನಲ್ಲಿ ಯಾರೋ ಡಾಕ್ಟರು ಹೇಳಿದ್ದರು. ಒಂದು ದಿನ ನಂದಾ ಮನೆಯಲ್ಲಿ ಮೆಲ್ಲಗೆ ಆ ಮಾತು ತೆಗೆದಳು. ಲಿಂಗಪೂಜೆ ಮುಗಿಸಿ ಊಟಕ್ಕೆ ಕೂತಿದ್ದ ಮಾವ ಮಡಿವಾಳೆಪ್ಪ ತಲೆಯನ್ನೂ ಎತ್ತಲಿಲ್ಲ.

“ಅಡ್ಡಿ ಇಲ್ಲ. ಮಾಂಸ ಮನಿಗೆ ಬಂದ ದಿನ ನಾಯಿ ಮನಿ ಬಿಡತೈತಿ.”

“ಶಿವ ಶಿವಾ,” ಎಂದು ಗುರವ್ವ ಕಿವಿ ಮುಚ್ಚಿಕೊಂಡಿದ್ದರು.

ಅಂದಿನಿಂದ ನಂದಾ ಬಣವೆಯ ಹಿಂದೆ ಕದ್ದು ಕಲೇಜಿ ಹಾಕತೊಡಗಿದಳು. ಬರೀ ಹಿಡಿಯಷ್ಟು. ಆದರೂ ಭೀಮ್ಯಾನ ಮೈ ಎಣ್ಣೆ ಹಚ್ಚಿದಂತೆ ಮಿಂಚಿತು. ಕೊರಳ ಪಟ್ಟಿ ಬಿಗಿಯಾಯಿತು. ರೊಟ್ಟಿ ಕಂಡರೆ ಮುಖ ತಿರುಗಿಸಿದ. ಹಸಿ ಊಟಕ್ಕೆ ಇಷ್ಟೊಂದು ಶಕ್ತಿಯೇ ಎಂದು ಅವಳೇ ಬೆರಗಾದಳು.

“ಎಲ್ಲಾ ಮಜ್ಜಿಗಿ ಗುಣ,” ಎನ್ನುತ್ತ ಗುರವ್ವ ಅವನ ತಟ್ಟೆಯನ್ನು ತಾವೇ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರು.

“ಅಡ್ಡಾಡಿದ್ರ ಮೈ ಹತ್ತತೈತಿ,” ಎನ್ನುತ್ತ ಮಾವ ಸಂಜೆ ಅವನನ್ನು ಹೊಲಕ್ಕೆ ಒಯ್ಯುತ್ತಿದ್ದರು.

ನಿನ್ನೆ ಅತ್ತೆ ಕೇಳಿದ್ದರು: “ಏನಬೇ, ಇಷ್ಟ ದಿನಾ ಆತು, ಒಂದ ಕುಬಸರ ಹೊಲದಿಯೇನು? ನಾಳೆನೂ ಹೋಗತೀಯೇನ ಅಲ್ಲಿಗೆ?”

“ಇಲ್ರಿ, ನಾಳೆ ಹೋಗೂದಿಲ್ಲ,” ಎಂದು ನಂದಾ ಸುಳ್ಳು ಹೇಳಿದ್ದಳು. ಅತ್ತೆ ನಂಬಿದಂತೆ ತಲೆಯಾಡಿಸಿದ್ದರು. ಈಗ ನೋಡಿದರೆ ಬೆನ್ನು ಹತ್ತಿ ಬಂದಿದ್ದಾರೆ.

ಹೊರಗೆ ಒಂದಿಷ್ಟು ಗುಸುಗುಸು. ಆಮೇಲೆ ಓಡುವ ಹೆಜ್ಜೆ. ಕೋಣೆಯ ಕದ ತೆರೆಯಿತು, ಗುರವ್ವ ಒಳಗೆ ನುಗ್ಗಿದರು. ಸೊಸೆಯನ್ನು ಕಂಡು ನಿಂತಲ್ಲೇ ನಿಂತರು.

ನಂದಾ ಕಾಲಿಗೇ ಬಿದ್ದಳು. “ತಪ್ಪಾತ್ರಿ ಅತ್ತಿ. ನನ್ನ ಏನರ ಅನ್ರಿ, ಭೀಮ್ಯಾನ್ನ ಮಾತ್ರ ಹೊರಗ ಹಾಕಬ್ಯಾಡ್ರಿ.”

“ಸುಮ್ನಿರಲೇ.” ಗುರವ್ವ ಬಗ್ಗಿ ಅವಳ ಬಾಯಿ ಮುಚ್ಚಿದರು. ಬಗ್ಗಿದ್ದೇ ತಡ, ಸೆರಗಿನೊಳಗಿನಿಂದ ಡಬ್ಬಿ ಜಾರಿತು. ಮುಚ್ಚಳ ಹಾರಿ, ಕೋಳಿಯ ಕುತ್ತಿಗೆಗಳು ಕಟ್ಟಿಗೆಯ ಮೇಲೆ ಚೆಲ್ಲಾಡಿದವು. “ನಿಮ್ಮ ಮಾವ ಬರಾಕತ್ತಾರ. ಇದನ್ನ ಕಂಡ್ರಂದ್ರ ನಾಯಿ ಕೂಡ ನಾನೂ ಹೊರಗನ.”

ನಂದಾ ಕುತ್ತಿಗೆಗಳನ್ನು ನೋಡಿದಳು. ಅತ್ತೆಯನ್ನು ನೋಡಿದಳು. ನಗು ಒತ್ತರಿಸಿ ಬಂತು. ಗುರವ್ವ ಸೆರಗನ್ನು ಬಾಯಿಗೆ ತುರುಕಿಕೊಂಡರು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದು, ಸದ್ದಿಲ್ಲದೆ ಅಲುಗಾಡುತ್ತ ಕುಸಿದು ಕೂತರು.

ಹಿತ್ತಲ ಬಾಗಿಲಲ್ಲಿ ಗಾಡಿ ನಿಂತಿತು. ಇಬ್ಬರ ನಗುವೂ ನಿಂತಿತು.

“ಮುಜಫರ್,” ಮಡಿವಾಳೆಪ್ಪನವರ ದನಿ ತಗ್ಗಿತ್ತು, “ನಮ್ಮ ಭೀಮ್ಯಾಂದು ಕಟ್ಟಿಟ್ಟೀಯೇನಪಾ? ಇವತ್ತೂ ಎರಡೆರಡು ಚೀಲದಾಗ ಹಾಕು, ನಮ್ಮ ಹೆಣ್ಣಮಕ್ಕಳಿಗೆ ವಾಸನಿ ಬಡದ್ರ ಜೀವಾನ ಬಿಡತಾರ.”