ಹುಲಿ ಬಾಲದ ದಾರ

“ಅದೂ ಒಂದು ಸಿನಿಮಾನಾ?” ಎಂದ ಜಿನಚಂದ್ರ.

ಬಾಗೂರಿನ ನಾಗಕುಮಾರಯ್ಯನವರ ನಡುಮನೆಯಲ್ಲಿದ್ದವರೆಲ್ಲ ಅವನತ್ತ ತಿರುಗಿದರು. ಹೆಣ್ಣು ನೋಡಲು ಬಂದವರು ಹುಡುಗಿಗೆ ಹಾಡು ಬರುತ್ತದೆಯೇ, ಹೊಲಿಗೆ ಬರುತ್ತದೆಯೇ ಎಂದು ಕೇಳುವುದುಂಟು. ಇದುವರೆಗೆ ಬಂದ ಚಿತ್ರಗಳಲ್ಲಿ ಶ್ರೇಷ್ಠವಾದುದು ಯಾವುದು ಎಂದು ಆ ಊರಿನಲ್ಲಿ ಯಾರೂ ಕೇಳಿರಲಿಲ್ಲ. ನಾಗಕುಮಾರಯ್ಯನವರ ಮಗಳು ಮರುದೇವಿ ತಡವರಿಸದೆ ಉತ್ತರ ಕೊಟ್ಟಿದ್ದಳು: ‘ಏಳು ಬಾವಿಯ ಸೊಸೆ’.

ಜಿನಚಂದ್ರನಿಗೆ ಈ ಪ್ರಶ್ನೆ ಕೇಳುವುದು ಹೊಸದಲ್ಲ. ಮೈಸೂರಿನಲ್ಲಿ ಬಿ.ಎ. ಮುಗಿಸಿ ಹಾಸನದ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿದ್ದ ಅವನು ಪ್ರತಿ ಸಂಜೆ ಹೋಟೆಲಿನ ಮೂಲೆಯಲ್ಲಿ ಕುಳಿತು ಚಿತ್ರಗಳಿಗೆ ಮರಣದಂಡನೆ ವಿಧಿಸುತ್ತಿದ್ದ. ಪೌರಾಣಿಕವೇ? ಬಣ್ಣ ಬಳಿದ ರಟ್ಟು. ಸಾಮಾಜಿಕವೇ? ಕಣ್ಣೀರಿನ ತೊಟ್ಟಿ. ಹಿಂದಿಯೇ? ಮರ ಸುತ್ತುವ ವ್ಯಾಯಾಮ. ಗೆಳೆಯರು ಕಾಫಿ ಕುಡಿಯುತ್ತ ತಲೆಯಾಡಿಸುತ್ತಿದ್ದರು. ಹಿಂದಿನ ವರ್ಷ, ಅರವತ್ತನೆಯ ಇಸವಿಯಲ್ಲಿ, ಅರಕಲಗೂಡಿನ ಹುಡುಗಿಯೊಬ್ಬಳಿಗೆ ಇದೇ ಪ್ರಶ್ನೆ ಹಾಕಿ, ಉತ್ತರ ಸರಿಯಿಲ್ಲವೆಂದು ಬಿಟ್ಟು ಬಂದಿದ್ದ. ಹೀಗಾಗಿ, “ಭಾನುವಾರ ಬಾಗೂರಲ್ಲಿ ಹೆಣ್ಣು ನೋಡೋದಿದೆ, ನೀನೂ ಬಾ” ಎಂದು ತಾಯಿ ಅನಂತಮತಿ ಹೇಳಿ ಕಳಿಸಿದಾಗ ಅವನು ಹೆಚ್ಚೇನೂ ವಿಚಾರಿಸಲಿಲ್ಲ. ಪ್ಯಾಂಟಿಗೆ ಇಸ್ತ್ರಿ ಹಾಕಿಸಿದ.

ಹೊಳೆನರಸೀಪುರದಿಂದ ತಾಯಿಯ ಜೊತೆ ಅವಳ ತಮ್ಮ ಭುಜಬಲಿ ಬಂದಿದ್ದ. ಕೊಬ್ಬರಿ ವ್ಯಾಪಾರಿ, ವಯಸ್ಸು ಮೂವತ್ತು ದಾಟಿತ್ತು, ಮಾತು ಕಡಿಮೆ. ಅಕ್ಕನ ಮಗನನ್ನು ಮೈಸೂರಿನಲ್ಲಿಟ್ಟು ಓದಿಸಿದವನು ಅವನೇ. ಜರಿಯಂಚಿನ ಪಂಚೆ ಉಟ್ಟು, ಜಮಖಾನದ ನಡುವೆ, ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಕುಳಿತಿದ್ದ. ನಾಗಕುಮಾರಯ್ಯನವರು ಅವನೊಡನೆ ಕೊಬ್ಬರಿ ಧಾರಣೆ, ತೋಟ, ಬೆಳೆ ಎಂದು ಮಾತಾಡುತ್ತಲೇ ಇದ್ದರು. ಜಿನಚಂದ್ರನನ್ನು ಯಾರೂ ಏನೂ ಕೇಳಲಿಲ್ಲ. ಬ್ಯಾಂಕ್ ನೌಕರಿಯಲ್ಲಿರುವವನನ್ನು ಕೇಳುವುದೇನಿದೆ ಎಂದು ಅವನು ಅಂದುಕೊಂಡ.

“ನೀವು ಆ ಚಿತ್ರ ನೋಡಿದ್ದೀರಾ?” ಎಂದು ಮರುದೇವಿ ಅವನನ್ನೇ ತಿರುಗಿ ಕೇಳಿದಳು.

“ಇಂಟರ್‌ವಲ್ ತನಕ. ಆಮೇಲೆ ಎದ್ದು ಬಂದೆ. ಹುಲಿ ಬಾಲಕ್ಕೆ ಕಟ್ಟಿದ ದಾರ ಕಾಣ್ತಿತ್ತು. ಹೀರೋ ಬರೋಕೆ ಮುಂಚೆ ಅವನ ಹೊಟ್ಟೆ ಬರ್ತಿತ್ತು.”

“ದಾರ ಕಂಡ್ರೇನ್ಲಾ?” ಎಂದ ಭುಜಬಲಿ ಮೆಲ್ಲಗೆ. “ಹುಲಿ ಬಂತಲ್ಲ.”

ಮರುದೇವಿ ಸೆರಗನ್ನು ಬಾಯಿಗೊತ್ತಿ ನಕ್ಕಳು.

ಜಿನಚಂದ್ರ ಮಾವನ ಕಡೆ ತಿರುಗಲೂ ಇಲ್ಲ. ಕೊಬ್ಬರಿ ಮಂಡಿಯ ಅಭಿಪ್ರಾಯಗಳಿಗೆ ಉತ್ತರ ಕೊಡುವ ಅಭ್ಯಾಸ ಅವನಿಗಿರಲಿಲ್ಲ. “ಶ್ರೇಷ್ಠ ಚಿತ್ರ ಅಂದ್ರೆ ಏನು ಅಂತ ಹೇಳ್ತೀನಿ ಕೇಳಿ. ಮೈಸೂರಲ್ಲಿ ಒಂದೇ ದಿನ ಒಂದು ಬಂಗಾಳಿ ಚಿತ್ರ ತೋರಿಸಿದ್ರು. ಹೆಸರು ಹೇಳಿದ್ರೂ ಇಲ್ಲಿ ಯಾರಿಗೂ ಗೊತ್ತಾಗಲ್ಲ.”

“ಹೆಸರು ಬಿಡಿ, ಕತೆ ಹೇಳಿ.”

“ಒಬ್ಬ ಮುದುಕ ಹೊಳೆ ದಡದಲ್ಲಿ ದೋಣಿಗೆ ಕಾಯ್ತಾನೆ. ದೋಣಿ ಬರಲ್ಲ.”

“ಆಮೇಲೆ?”

“ಆಮೇಲೇನೂ ಇಲ್ಲ. ಅದೇ ಅದರ ದೊಡ್ಡತನ.”

“ಚನ್ರಾಯಪಟ್ಣದ ಬಸ್ಸಿಗೆ ಕಾಯೋರನ್ನ ನಾವು ದಿನಾ ಬಿಟ್ಟಿ ನೋಡ್ತೀವಿ,” ಎಂದಳು ಮರುದೇವಿ. “ಅದಕ್ಕೂ ಟಿಕೀಟು ಇಡ್ತಾರೆ ಅಂತ ಗೊತ್ತಿರಲಿಲ್ಲ.”

ಹಿರಿಯರೆಲ್ಲ ಗೊಳ್ಳೆಂದು ನಕ್ಕರು. ಜಿನಚಂದ್ರನ ಕಿವಿ ಕೆಂಪೇರಿತು. ಹಾಸನದಲ್ಲಿ ಯಾರೂ ಅವನಿಗೆ ಎದುರಾಡಿರಲಿಲ್ಲ. “ಅಭಿರುಚಿ ಅನ್ನೋದನ್ನ ಬೆಳೆಸಿಕೊಳ್ಳಬೇಕು,” ಎಂದ. “ಡೇರೆಯೊಳಗೆ ಮಣ್ಣಲ್ಲಿ ಕೂತು, ಹುಲಿ ಬಂದ್ರೆ ಶಿಳ್ಳೆ ಹಾಕೋದು, ಸೊಸೆ ಅತ್ರೆ ತಾವೂ ಅಳೋದು. ಅದಕ್ಕೆ ಸಿನಿಮಾ ನೋಡೋದು ಅನ್ನಲ್ಲ.”

“ನಾನು ಅತ್ತಿದ್ದೆ.” ಈ ಸಲ ಮರುದೇವಿಯ ದನಿಯಲ್ಲಿ ನಗು ಇರಲಿಲ್ಲ. “ಆರು ಬಾವಿ ಬತ್ತಿಹೋಗಿ, ಏಳನೇ ಬಾವಿಗೆ ಅವಳನ್ನೇ ಇಳಿಸ್ತಾರಲ್ಲ, ಆಗ. ಅದು ಇಂಟರ್‌ವಲ್ ಆದ್ಮೇಲೆ ಬರುತ್ತೆ. ನೀವು ನೋಡಿಲ್ಲ.”

“ಅವಳು ಹಗ್ಗ ಬಿಟ್ಟಾಗ ನಾನೂ ಅತ್ಬುಟ್ಟೆ,” ಎಂದ ಭುಜಬಲಿ. “ಪಕ್ಕದಲ್ಲಿ ನಮ್ಮ ಮಂಡಿ ಆಳ್ಗಳು ಕೂತಿದ್ರು. ಕಣ್ಗೆ ಧೂಳು ಬಿತ್ತು ಅಂದ್ಬುಟ್ಟೆ.”

“ನಂಬಿದ್ರಾ?”

“ಎಲ್ಲಿ ನಂಬ್ತಾರೆ? ಅವರೂ ಅಳ್ತಿದ್ರಲ್ಲ.”

“ಎಷ್ಟು ಸಲ ನೋಡಿದ್ರಿ?”

“ಮೂರು. ನೀವು?”

“ಎರಡೇ. ಮೂರನೇ ಸಲಕ್ಕೆ ಅಪ್ಪ ಬಿಡಲಿಲ್ಲ.”

ಮಾತು ಅವರಿಬ್ಬರ ನಡುವೆ ಹಾಗೆಯೇ ಹರಿಯಿತು. ಸೊಸೆ ಕೊನೆಗೆ ಗಂಡನನ್ನು ಕ್ಷಮಿಸಬೇಕಿತ್ತೋ ಬೇಡವೋ ಎಂದು ಒಂದು ಸಣ್ಣ ಜಗಳವೂ ಆಯಿತು. ಭುಜಬಲಿ ಸೋತ, ಸೋತು ನಕ್ಕ. ಜಿನಚಂದ್ರ ಅತ್ತ ಕಿವಿಗೊಡಲಿಲ್ಲ. ಅಷ್ಟು ಹೊತ್ತೂ ಅವನು ನೈಜತೆಯ ಬಗ್ಗೆ ಒಂದು ಘನವಾದ ವಾಕ್ಯವನ್ನು ಹೆಣೆಯುತ್ತಿದ್ದ. ಹೆಣೆದು ಮುಗಿಯುವಷ್ಟರಲ್ಲಿ ಎಲೆ ಹಾಕಿದರು. ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಎಲ್ಲರ ಊಟ ಆಗಬೇಕಿತ್ತು.

ಉಣ್ಣುತ್ತ ಅವನು ತೀರ್ಪು ಬರೆದ. ಹುಡುಗಿಗೆ ಸಿನಿಮಾ ಕಲೆಯ ಗಂಧವಿಲ್ಲ. ಆದರೆ ಬುದ್ಧಿ ಇದೆ, ಅದನ್ನು ಆಡುವ ಬಾಯಿಯೂ ಇದೆ. ಹಾಸನದ ಬಾಡಿಗೆ ಮನೆಯಲ್ಲಿ ಸಂಜೆ ಹೊತ್ತು ಅವಳು ಹೀಗೆಯೇ ಸೊಂಟಕ್ಕೆ ಸೆರಗು ಸಿಕ್ಕಿಸಿ ವಾದಿಸುವುದನ್ನೂ, ತಾನು ತಾಳ್ಮೆಯಿಂದ ಗೆಲ್ಲುವುದನ್ನೂ ಕಲ್ಪಿಸಿಕೊಂಡ. ಹೋಟೆಲಿನ ಗೆಳೆಯರ ತಲೆಯಾಟ ಮೊದಲ ಬಾರಿಗೆ ಸಪ್ಪೆ ಎನ್ನಿಸಿತು. ಬಡಿಸಲು ಬಂದ ಮರುದೇವಿ ಕೇಳದೆಯೇ ಇನ್ನೊಂದು ಒಬ್ಬಟ್ಟು ಹಾಕಿ ಹೋದಳು. ಅವನು ಬೇಡವೆನ್ನಲಿಲ್ಲ.

ಕೈ ತೊಳೆಯಲು ಹಿತ್ತಿಲಿಗೆ ಹೋದಾಗ ತಾಯಿಯನ್ನು ಪಕ್ಕಕ್ಕೆ ಕರೆದ. “ಅಮ್ಮ, ನನಗೆ ಒಪ್ಪಿಗೆ. ಅಭಿರುಚಿ ಸ್ವಲ್ಪ ಕಚ್ಚಾ, ಅಷ್ಟೇ. ಅದನ್ನ ನಾನು ತಿದ್ದಿಕೊಳ್ತೀನಿ.”

ಅನಂತಮತಿ ಮಗನ ಮುಖವನ್ನೇ ನೋಡಿದಳು. ಅವನು ಹೇಳಿದ್ದು ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕನಿಕರ ಉಕ್ಕಿತು. ನಗು ಅದರ ಹಿಂದೆಯೇ ಬಂತು.

“ಅಯ್ಯೋ ಮಂಕೇ, ನಾವು ಹೆಣ್ಣು ನೋಡೋಕೆ ಬಂದಿದ್ದು ನಮ್ಮ ಭುಜಬಲಿಗೆ ಕಣೋ, ಹೋಗು, ನಿಮ್ಮತ್ತೆ ಆಗೋಳಿಗೆ ನಮಸ್ಕಾರ ಮಾಡು!”