ಬಣ್ಣ ಒರೆಸಿದ ಕಾಗದ

ಮೊನ್ನೆ ಮಗಳು ಶಾಲೆಯ ನಾಟಕ ಮುಗಿಸಿ ಬಂದು, ಬಣ್ಣ ತೆಗೆಯಲು ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡಳು. ಆ ವಾಸನೆಗೆ ಮಾಳಮಡ್ಡಿಯ ನಮ್ಮ ಹಳೆಯ ಮನೆಯಲ್ಲಿ ಬಾಲ್ಯದ ಒಂದು ಮಧ್ಯಾಹ್ನ ನೆನಪಾಯಿತು.

ನಮ್ಮ ಕಾಕಾ ಹತ್ತಿ ಅಂಗಡಿಯಲ್ಲಿ ಕಾರಕೂನರು, ಬಿಡುವಿನಲ್ಲಿ ನಾಟಕ ಆಡುವವರು. ತಾನೇ ದೊಡ್ಡವನೆಂಬ ಭ್ರಮೆಯಲ್ಲಿ ನೌಕರಿ ಬಿಟ್ಟು ಹಾಳಾಗುವವನ ಪಾತ್ರ ಹೊಸ ನಾಟಕದಲ್ಲಿ ಅವರಿಗೆ ಸಿಕ್ಕಿತ್ತು. ಚಪ್ಪಾಳೆ ಬಿದ್ದಾಗಿನಿಂದ ಮನೆಯಲ್ಲೂ ಅದೇ ದನಿಯಲ್ಲಿ ಮಾತಾಡುತ್ತಿದ್ದರು. ಇವರೂ ಎಲ್ಲಿ ನೌಕರಿ ಬಿಡುತ್ತಾರೋ ಎಂದು ಅಜ್ಜಿಗೆ ಅನುಮಾನ ಹುಟ್ಟಿತ್ತು.

ಅಂದು ಬೆಳಗಿನ ಪ್ರಯೋಗ ಮುಗಿಸಿ ಬಣ್ಣದ ಮುಖದಲ್ಲೇ ಬಂದ ಕಾಕಾ ನನ್ನ ಕೈಗೆ ಮಡಚಿದ ಕಾಗದ ಕೊಟ್ಟರು. "ಅಂಗಡಿ ಸಾವಕಾರ್ರಿಗೆ ಕೊಟ್ಟು ಬಾ."

ಹೊಸ್ತಿಲಲ್ಲೇ ಅಜ್ಜಿ ನನ್ನ ಮುಷ್ಟಿ ಹಿಡಿದಳು. "ಏನಿದು?"

"ರಾಜೀನಾಮೆ," ಎಂದರು ಕಾಕಾ ಎದೆಯುಬ್ಬಿಸಿ. "ನನ್ನಂಥಾ ಕಲಾವಿದ ಅಂಗಡ್ಯಾಗ ಕೂಡಬೇಕೇನವ್ವಾ?"

"ನಾಟಕದಾಗ ಆ ಮನಿಶ್ಯಾನೂ ಹಿಂಗ ಅಂತಾನಲ್ಲೋ?"

"ಅಂವ ಹುಚ್ಚ. ನಾ ಹಂಗಲ್ಲ."

"ಹೌದಪಾ. ಮಾರಿ ಒರಸಿ ವಿಭೂತಿ ಹಚ್ಚದ ಉಣ್ಣಾಕ ನೀಡೂದಿಲ್ಲ ನಾ. ಕಣ್ಣ ಮುಚ್ಚು."

ಅಜ್ಜಿ ಅವರ ಮುಖಕ್ಕೆಲ್ಲ ಎಣ್ಣೆ ಸವರಿದಳು. ಆಮೇಲೆ ನನ್ನ ಕೈಯಲ್ಲಿದ್ದ ಕಾಗದವನ್ನೇ ಬಿಡಿಸಿ, ಹಣೆ, ಕೆನ್ನೆ, ಗದ್ದ ಎಲ್ಲವನ್ನೂ ನಿಧಾನವಾಗಿ ಒರೆಸಿದಳು. ಕಾಕಾ ಕಣ್ಣು ತೆರೆದಾಗ ಅಕ್ಷರಗಳೆಲ್ಲ ಕೆಂಪು ಎಣ್ಣೆಯಲ್ಲಿ ಕಲಸಿಹೋಗಿದ್ದವು.

"ಇನ್ನೊಂದು ಬರಿಯಪಾ," ಎಂದಳು ಅಜ್ಜಿ. "ಕಿವಿ ಹಿಂದ ಇನ್ನೂ ಬಣ್ಣ ಐತಿ."

ಕಾಕಾ ಬರೆಯಲಿಲ್ಲ. ಶಿವ ಅಷ್ಟಾದರೂ ಕರುಣೆ ತೋರಿದ. ಮರುದಿನ ಅವರು ಅಂಗಡಿಗೆ ಹೊರಟಾಗ ಅಜ್ಜಿ ದೇವರಿಗೆ ಕೈಮುಗಿದಳು. ಮುಗಿದು, ಅವರ ಅಂಗಿಯ ಕಿಸೆಯನ್ನೂ ಒಮ್ಮೆ ಮುಟ್ಟಿ ನೋಡಿದಳು.